ಚಕಮಕಿಯಿಂದ ಕೇಪಿಗೆ: ಮಾರ್ಪಟ್ಟ ಇಂಗ್ಲಿಷ್ ಬೇಟೆಕೋವಿಗಳ ಕಾಲನಿರ್ಣಯ

1. ವ್ಯಾಪ್ತಿ

ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವಂತೆ ತಯಾರಾಗಿ, ಆಮೇಲೆ ಕೇಪಿನ ಕೋವಿಯಾಗಿ ಮಾರ್ಪಟ್ಟ ಇಂಗ್ಲಿಷ್ ಬೇಟೆಕೋವಿಗೆ ಎರಡು ಕಾಲಗಳಿವೆ: ಒಂದು ತಯಾರಿಕೆಯದು, ಇನ್ನೊಂದು ಮಾರ್ಪಾಡಿನದು. ಮೊದಲನೆಯದನ್ನೇ ಇಡೀ ಕೋವಿಯ ಕಾಲವೆಂದು ಹೇಳಿಬಿಡುವುದು ಸಾಮಾನ್ಯ. ಎರಡನೆಯ ಕಾಲ ಇಂಥ ಇಸವಿಗಿಂತ ಹಿಂದೆ ಇರಲಾರದು ಎಂದು ಹೇಳಲು ಆಧಾರಗಳಿವೆ. ಇಂಥ ಇಸವಿಗಿಂತ ಈಚಿನದಲ್ಲ ಎಂದು ಹೇಳಲು, ಕನಿಷ್ಠ ಕರ್ನಾಟಕದ ಕೋವಿಗಳ ಮಟ್ಟಿಗೆ, ಆಧಾರ ತೀರ ಕಡಿಮೆ.

2. ಹಿಂದಿನ ಗಡಿ

ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸೈತ್, ಬಡಿತಕ್ಕೆ ಸಿಡಿಯುವ ರಾಸಾಯನಿಕದಿಂದ ಕೋವಿ ಹೊತ್ತಿಸುವ ವಿಧಾನಕ್ಕೆ 11-4-1807ರಂದು ಪೇಟೆಂಟ್ ಪಡೆದರು. ಅದರ ಅವಧಿ 1821ರಲ್ಲಿ ಮುಗಿಯಿತು. ಅಂಥ ರಾಸಾಯನಿಕವನ್ನು ತುಂಬಿದ ತಾಮ್ರದ ಕೇಪು ಯಾರ ಆವಿಷ್ಕಾರವೆಂಬುದು ಇತ್ಯರ್ಥವಾಗಿಲ್ಲ. ಜೋಶುವಾ ಶಾ 1814ರ ಸುಮಾರಿನದೆಂದು ಹೇಳಿಕೊಂಡರೂ ಅವರ ಅಮೆರಿಕನ್ ಪೇಟೆಂಟ್ 1822ರದು. ಜೋಸೆಫ್ ಎಗ್, ಪೀಟರ್ ಹಾಕರ್ ಅವರ ಹಕ್ಕುಸಾಧನೆಗಳೂ ಇವೆ. ಕೇಪು ವ್ಯಾಪಕವಾಗಿ ಬಳಕೆಗೆ ಬಂದದ್ದು 1820ರ ದಶಕದಲ್ಲಿ. ಆದ್ದರಿಂದ ಕೇಪಿನ ಮಾರ್ಪಾಡನ್ನು 1820ಕ್ಕಿಂತ ಹಿಂದಕ್ಕೆ ಒಯ್ಯಲು ಬೇರೆ ಪುರಾವೆ ಬೇಕು.

3. ಕೋವಿಯಲ್ಲೇ ಇರುವ ಸಾಕ್ಷ್ಯ

(ಅ) ಚಾಪಿನ ತಗಡು. ರಂಜಕದ ಬಟ್ಟಲು ಕೂತಿದ್ದ ಕಚ್ಚನ್ನು ತುಂಬಿದ ಗುರುತು, ಬಟ್ಟಲ ಮುಚ್ಚಳ ಮತ್ತು ಅದರ ಸ್ಪ್ರಿಂಗಿನ ಸ್ಕ್ರೂಗಳಿದ್ದ ತೂತುಗಳನ್ನು ಮುಚ್ಚಿದ ಗುರುತು ಮಾರ್ಪಾಡನ್ನು ಸೂಚಿಸುತ್ತವೆ. ತಗಡನ್ನೇ ಬದಲಿಸಿದ್ದರೆ ಇವು ಸಿಗಲಾರವು.

(ಆ) ನಳಿಗೆಯ ಬುಡ. ರಂಜಕದ ಕಿವಿಗೆ ಮರೆ ಕೊರೆದು ಉರುಟು ತುಂಡೊಂದನ್ನು ತಿರುಗಿಸಿ ಕೂರಿಸಿ, ಅದರ ಮೇಲೆ ಕೇಪಿನ ಮೊಲೆ ನಿಲ್ಲಿಸುವುದು ಅಗ್ಗದ ವಿಧಾನ. ಬುಡವನ್ನೇ ಕತ್ತರಿಸಿ ಹೊಸದನ್ನು ಜೋಡಿಸುವುದು ದುಬಾರಿಯದು. ಮೊದಲನೆಯದು ಊರಿನ ಕಮ್ಮಾರನದು, ಎರಡನೆಯದು ಲಂಡನ್ನಿನದು ಎಂಬ ವಿಂಗಡಣೆ ಅನುಕೂಲಕರವಾಗಿ ಕಂಡರೂ ಅದನ್ನು ನೆಚ್ಚುವಂತಿಲ್ಲ. ಮೊದಲ ವಿಧಾನ ಇಂಗ್ಲೆಂಡಿನಲ್ಲೂ ಧಾರಾಳವಾಗಿ ಬಳಕೆಯಲ್ಲಿತ್ತು.

(ಇ) ಹೆಸರು, ವಿಳಾಸ. ಲಂಡನ್ನಿನ ಕೋವಿ ತಯಾರಕ ಜೋಸೆಫ್ ಮ್ಯಾಂಟನ್ ಅವರ ಅಂಗಡಿ 1819ರವರೆಗೆ ಡೇವೀಸ್ ಸ್ಟ್ರೀಟಿನಲ್ಲಿ, ಆಮೇಲೆ ಹ್ಯಾನೋವರ್ ಸ್ಕ್ವೇರಿನಲ್ಲಿತ್ತು. 1826ರಲ್ಲಿ ಅವರು ದಿವಾಳಿಯಾದರು. ವಿಳಾಸ ನಿಜವಾದದ್ದಾದರೆ ನಳಿಗೆಯ ಕಾಲ ಸಾಕಷ್ಟು ಬಿಗಿಯಾಗಿ ದೊರೆಯುತ್ತದೆ, ಆದರೆ ನಳಿಗೆಯದು ಮಾತ್ರ. ಮ್ಯಾಂಟನ್ ಹೆಸರಿನ ಖೋಟಾಗಳೂ ಹೇರಳ. ಲಂಡನ್ನಿನ ಹೆಸರಿದ್ದು ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ (1813ರ ಕಾಯಿದೆಯಿಂದ ಬಂದ, ಕಿರೀಟದಡಿಯ ಅಡ್ಡ ರಾಜದಂಡಗಳು) ಕಂಡಲ್ಲಿ ಹೆಸರನ್ನು ಶಂಕಿಸುವುದು ನ್ಯಾಯ. ನಳಿಗೆಯ ಅಳತೆಯ ಅಂಕಿಯನ್ನು ಒತ್ತುವ ರೂಢಿ ಸಾಮಾನ್ಯವಾಗಿ 1855ರ ಕಾಯಿದೆಯ ನಂತರದ್ದು. ಹಳೆಯ ನಳಿಗೆಯಲ್ಲಿ ಅದಿದ್ದರೆ ಮರುಪರೀಕ್ಷೆ ನಡೆದಿರಬಹುದು. ಅದು ಮಾರ್ಪಾಡಿನ ಸಂದರ್ಭದಲ್ಲೇ ನಡೆಯಿತೆನ್ನಲು ಇಷ್ಟು ಸಾಲದು.

(ಈ) ಮರುಮಾರ್ಪಾಡು. ಬೆಲೆಗಾಗಿ ಕೇಪಿನ ಕೋವಿಯನ್ನು ಮತ್ತೆ ಚಕಮಕಿಗೆ ತಿರುಗಿಸಿದ ಉದಾಹರಣೆಗಳಿವೆ. ಮೂಲ ರೂಪಕ್ಕೆ ತಂದಂತಾಯಿತೆಂಬ ಸಮರ್ಥನೆಯನ್ನು ಒಪ್ಪಲಾಗದು. ಮಾರ್ಪಾಡಿನ ಗುರುತುಗಳೇ ಇಲ್ಲಿನ ದಾಖಲೆ. ಅವು ಅಳಿದರೆ ಎರಡನೆಯ ಕಾಲವೂ ಅಳಿದಂತೆ.

4. ಶ್ರೀರಂಗಪಟ್ಟಣದ ಹೋಲಿಕೆ

ಟಿಪ್ಪು ಸುಲ್ತಾನನ ಕಾರ್ಖಾನೆಗಳ ಬೇಟೆಕೋವಿಗಳು ಇಂಗ್ಲಿಷಿನವಲ್ಲ. ಆದರೂ ಹೋಲಿಕೆಗೆ ಉಪಯುಕ್ತ. 4-5-1799ರಂದು ಶ್ರೀರಂಗಪಟ್ಟಣ ಬಿದ್ದ ನಂತರ ವಿಜಯದ ಕುರುಹಾಗಿ ಒಯ್ದವು, 21-4-2015ರ ಬೋನಮ್ಸ್ ಹರಾಜಿಗೆ ಬಂದಂಥವು, ಬಹುಮಟ್ಟಿಗೆ ಚಕಮಕಿಯಲ್ಲೇ ಉಳಿದಿವೆ. ಬೇಟೆಗೆ ಬಳಸುತ್ತಿದ್ದ ಕೋವಿಗೆ ಮಾರ್ಪಾಡು, ಗೋಡೆಗೆ ಏರಿದ್ದಕ್ಕೆ ಇಲ್ಲ ಎಂದು ಊಹಿಸಬಹುದು. ಇಲ್ಲಿ ಇಸವಿ ಓದುವಾಗಲೂ ಎಚ್ಚರ ಬೇಕು. ಟಿಪ್ಪು ಬಳಸಿದ ಮೌಲೂದಿ ಶಕೆಯ 1222 ಎಂದರೆ ಸುಮಾರು 1794-95. ಅದನ್ನೇ ಹಿಜರಿ ಎಂದು ಓದಿದರೆ 1807-08, ಅಂದರೆ ಟಿಪ್ಪು ಮಡಿದು ಎಂಟು ವರ್ಷ ಕಳೆದ ಮೇಲಿನ ಇಸವಿ ಬರುತ್ತದೆ.

5. ಮುಂದಿನ ಗಡಿ: ಕೊಡಗು

ಇಂಗ್ಲೆಂಡಿನಲ್ಲಿ ತೋಟಾ ಕೋವಿ ಬಂದಂತೆ, 1860ರ ದಶಕದಿಂದ, ಹಳೆಯದನ್ನು ಕೇಪಿಗೆ ಮಾರ್ಪಡಿಸುವುದಕ್ಕೆ ಕಾರಣ ಉಳಿಯಲಿಲ್ಲ. ಮಲೆನಾಡಿನಲ್ಲೂ ಕೊಡಗಿನಲ್ಲೂ ಬಾಯಿಂದ ಈಡು ತುಂಬುವ ಕೇಪಿನ ಕೋವಿ 20ನೇ ಶತಮಾನದಲ್ಲೂ ಬಳಕೆಯಲ್ಲಿತ್ತು. 1860ರ ನಿರಾಯುಧೀಕರಣ ಕಾಯಿದೆಯಿಂದ ಕೊಡವರಿಗೆ ಕಮಿಷನರ್ ಮಾರ್ಕ್ ಕಬ್ಬನ್ 26-2-1861ರಂದು ವಿನಾಯಿತಿ ಕೊಟ್ಟರು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಇಂದಿಗೂ ನಡೆಯುತ್ತದೆ. ಬಳಕೆ ಹೀಗೆ ಮುಂದುವರಿದ ಕಡೆ ರಿಪೇರಿ, ಮಾರ್ಪಾಡುಗಳೂ ಮುಂದುವರಿದಿರುವ ಸಂಭವವಿದೆ. ಇಂಗ್ಲೆಂಡಿನ ಮಾರ್ಪಾಡುಗಳ 1820-1860ರ ಅವಧಿಯನ್ನು ಇಲ್ಲಿಯ ಕೋವಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

6. ಉತ್ತರ ಬೆಂಗಳೂರಿನ ಸಂಗ್ರಾಹಕರಿಗೆ ಸಂಬಂಧಿಸಿದಂತೆ

ಶಸ್ತ್ರಾಸ್ತ್ರ ಕಾಯಿದೆ, 1959ರ 45(ಸಿ) ಕಲಮು ಹಳೆಯದಾದ ಮಾತ್ರಕ್ಕೆ ರಿಯಾಯಿತಿ ಕೊಡುವುದಿಲ್ಲ. ರಿಪೇರಿ ಮಾಡಿದರೂ ಗುಂಡು ಹಾರದಂಥದಾಗಿರಬೇಕು. ಸುಸ್ಥಿತಿಯ ಕೇಪಿನ ಕೋವಿ ಈ ಷರತ್ತಿಗೆ ಒಳಪಡುವುದು ಅನುಮಾನ. ಫೆಬ್ರವರಿ 2020ರ ತಿದ್ದುಪಡಿ ನಿಯಮಗಳು ಕುತೂಹಲವಸ್ತು ವರ್ಗದ ಕಿರು ಆಯುಧಗಳನ್ನು ಭಾರತೀಯ ನಾಗರಿಕರು ಪರವಾನಗಿ ಇಲ್ಲದೆ ಇಟ್ಟುಕೊಳ್ಳಲು ಬಿಟ್ಟಿವೆ. ಬಳಸಲು, ಒಯ್ಯಲು, ಸಾಗಿಸಲು ಪರವಾನಗಿ ಬೇಕು. ಕೋವಿಯೊಂದು ಆ ವರ್ಗಕ್ಕೆ ಸೇರುತ್ತದೆಯೇ ಎಂಬುದನ್ನು ಇಂಥ ಟಿಪ್ಪಣಿ ನಿರ್ಧರಿಸಲಾರದು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಿಗೆ ನಗರ ಪೊಲೀಸ್ ಕಮಿಷನರ್ ಪರವಾನಗಿ ಪ್ರಾಧಿಕಾರಿ.

ಕೊಡವರ ಮತ್ತು ಕೊಡಗಿನ ಜಮ್ಮಾ ಭೂಹಿಡುವಳಿದಾರರ ಪರವಾನಗಿ ವಿನಾಯಿತಿ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಯಿತು; ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. 1963ರ ಅಧಿಸೂಚನೆಯ ಪ್ರಕಾರ ಕೊಡಗಿನ ಹೊರಗೆ ವಾಸಿಸುವವರಿಗೆ ಒಂದು ರೈಫಲ್ ಮತ್ತು ಒಂದು ನಯನಳಿಗೆಯ ಕೋವಿ ಮಿತಿ.

ಹಳೆಯ ಪರವಾನಗಿ ಪುಸ್ತಕಗಳು ಕಾಲನಿರ್ಣಯಕ್ಕೆ ನೆರವಾದಾವು ಎಂಬ ನಿರೀಕ್ಷೆ ಸಹಜ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಎಸ್.ಬಿ.ಎಂ.ಎಲ್., ಡಿ.ಬಿ.ಎಂ.ಎಲ್. ಎಂಬ ನಮೂದುಗಳು ನಳಿಗೆ ಒಂದೋ ಎರಡೋ, ಈಡು ತುಂಬುವುದು ಎಲ್ಲಿಂದ ಎಂಬುದನ್ನಷ್ಟೇ ತಿಳಿಸುತ್ತವೆ. ಹೊತ್ತಿಸುವುದು ಕಲ್ಲಿನಿಂದಲೋ ಕೇಪಿನಿಂದಲೋ ಎಂಬುದು ಅವುಗಳಿಂದ ಗೊತ್ತಾಗುವುದಿಲ್ಲ.