ಓವರ್ ದ ರೈನ್‌ಬೋ: ಒಂದು ಚಿತ್ರಗೀತೆ, ಹಲವು ಕಂಠ

ಅಮೆರಿಕದ ‘ದ ವಿಝರ್ಡ್ ಆಫ್ ಆಝ್’ ಚಿತ್ರ ತೆರೆಕಂಡದ್ದು 1939ರಲ್ಲಿ. ಅದರ ‘ಓವರ್ ದ ರೈನ್‌ಬೋ’ ಹಾಡನ್ನು ಬರೆದವರು ಇ. ವೈ. ಹಾರ್ಬರ್ಗ್, ಸಂಗೀತ ಹೆರಾಲ್ಡ್ ಆರ್ಲೆನ್ ಅವರದು, ಹಾಡಿದವರು ಜೂಡಿ ಗಾರ್ಲ್ಯಾಂಡ್. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2004ರಲ್ಲಿ ಪ್ರಕಟಿಸಿದ ನೂರು ಚಿತ್ರಗೀತೆಗಳ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಜಾಝ್, ಸೋಲ್, ಕಂಟ್ರಿ, ರಾಕ್, ಪಂಕ್ ಹೀಗೆ ಬಗೆಬಗೆಯ ಕಲಾವಿದರು ಇದನ್ನು ಮತ್ತೆ ಹಾಡಿದ್ದಾರೆ, ನುಡಿಸಿದ್ದಾರೆ. ಆ ರಾಶಿಯಲ್ಲಿ ಇಂದಿಗೂ ಕೇಳುಗರು ಹುಡುಕಿಕೊಂಡು ಹೋಗುವುದು ಗಾರ್ಲ್ಯಾಂಡ್ ಅವರನ್ನು ಅನುಕರಿಸದ ಆವೃತ್ತಿಗಳನ್ನೇ.

ಹಾಡು ಹುಟ್ಟಿದ್ದು, ಉಳಿದದ್ದು

ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ ಹೆಂಡತಿಯೊಡನೆ ಕಾರಿನಲ್ಲಿ ಹೋಗುತ್ತಿದ್ದಾಗ ಈ ಧಾಟಿ ಹೊಳೆಯಿತು ಎಂದು ಆರ್ಲೆನ್ ಹೇಳಿಕೊಂಡಿದ್ದರು. ಹಾರ್ಬರ್ಗ್‌ಗೆ ಅದು ಮೊದಲು ಹಿಡಿಸಲಿಲ್ಲ. ಚಿತ್ರದ ನಾಯಕಿಯಾದ ಕ್ಯಾನ್ಸಸ್‌ನ ಹೊಲಮನೆಯ ಹುಡುಗಿಯ ಬಾಯಿಗೆ ಇಷ್ಟು ಭಾರದ ಸಂಗೀತ ಒಗ್ಗದು ಎಂಬುದು ಅವರ ಆಕ್ಷೇಪ. ಗೀತರಚನಕಾರ ಐರಾ ಗರ್ಶ್ವಿನ್ ಅವರನ್ನು ಕೇಳಿದಾಗ, ಇನ್ನಷ್ಟು ಸರಳವಾಗಿ, ಚುರುಕಾಗಿ ನುಡಿಸಿ ನೋಡಿ ಎಂಬ ಸಲಹೆ ಬಂತು. ಹಾಗೆ ನುಡಿಸಿದ ಮೇಲೆ ಹಾರ್ಬರ್ಗ್ ಒಪ್ಪಿದರು.

1938ರ ಅಕ್ಟೋಬರ್‌ನಲ್ಲಿ ಚಿತ್ರಕ್ಕಾಗಿ ಧ್ವನಿಮುದ್ರಣ ನಡೆದಾಗ ಗಾರ್ಲ್ಯಾಂಡ್‌ಗೆ 16 ವರ್ಷ. ಚಿತ್ರದ ನಿರ್ದೇಶಕರೆಂದು ವಿಕ್ಟರ್ ಫ್ಲೆಮಿಂಗ್ ಹೆಸರಿದ್ದರೂ ಈ ಹಾಡಿನ ದೃಶ್ಯವನ್ನು ಚಿತ್ರಿಸಿದವರು ಕಿಂಗ್ ವಿಡೋರ್. ಪೂರ್ವಪ್ರದರ್ಶನದ ಬಳಿಕ, ಹಾಡಿನಿಂದ ಚಿತ್ರದ ಓಟಕ್ಕೆ ತಡೆಯಾಗುತ್ತದೆಂದು ಅದನ್ನು ನಿರ್ಮಿಸಿದ ಎಂಜಿಎಂ ಸಂಸ್ಥೆಯ ಕೆಲವರು ಅದನ್ನು ಕತ್ತರಿಸಲು ಹೊರಟಿದ್ದರು. ಸಹನಿರ್ಮಾಪಕ ಆರ್ಥರ್ ಫ್ರೀಡ್ ಪಟ್ಟು ಹಿಡಿದದ್ದರಿಂದ ಹಾಡು ಉಳಿಯಿತು. ಮುಂದೆ ಅತ್ಯುತ್ತಮ ಗೀತೆಯೆಂದು ಆಸ್ಕರ್ ಪಡೆದದ್ದು ಇದೇ ಹಾಡು.

ಧಾಟಿಯ ಕಟ್ಟು

ಒಂದು ಹಾಡು ಇಷ್ಟೊಂದು ಕಂಠಗಳಿಗೆ ಹೊಂದಿಕೊಳ್ಳಲು ಅದರ ಕಟ್ಟೇ ಕಾರಣ. ಮೊದಲ ಪದದಲ್ಲೇ ಧಾಟಿ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಒಮ್ಮೆಲೇ ಜಿಗಿಯುತ್ತದೆ. ಮುಂದಿನ ಜಿಗಿತಗಳು ಅದಕ್ಕಿಂತ ಚಿಕ್ಕವು. ನೆಲ ಬಿಟ್ಟು ಹಾರುವ ಆಸೆ ಮೊದಲ ಎರಡು ಸ್ವರಗಳಲ್ಲೇ ಕೇಳಿಬರುತ್ತದೆ. ನಡುವಿನ ಭಾಗ ಇದಕ್ಕೆ ತದ್ವಿರುದ್ಧ: ಎರಡೇ ಸ್ವರಗಳ ನಡುವೆ ತೂಗಾಡುವ ಆ ಧಾಟಿ ಮಕ್ಕಳ ಪಿಯಾನೋ ಪಾಠದಷ್ಟು ಸುಲಭ. ಒಟ್ಟು 32 ಬಾರ್‌ಗಳ ಈ ರಚನೆಯಲ್ಲಿ ಒಂದೇ ಧಾಟಿ ಎರಡು ಸಲ ಬಂದು, ನಡುವಿನ ಭಾಗ ಮುಗಿದ ಮೇಲೆ ಮತ್ತೆ ಮೊದಲಿನದೇ ಮರಳುತ್ತದೆ. ಚೌಕಟ್ಟು ಗಟ್ಟಿಯಾಗಿರುವುದರಿಂದ ಗಾಯಕರು ಲಯ ಬದಲಿಸಿದರೂ ಸ್ವರಗಳನ್ನು ಅತ್ತಿತ್ತ ಸರಿಸಿದರೂ ಹಾಡಿನ ಗುರುತು ಅಳಿಯುವುದಿಲ್ಲ.

ಜಾಝ್ ಮತ್ತು ಸೋಲ್

ಚಿತ್ರ ಬಿಡುಗಡೆಯಾದ ವರ್ಷವೇ ಗ್ಲೆನ್ ಮಿಲ್ಲರ್ ಅವರ ವಾದ್ಯವೃಂದದ ಆವೃತ್ತಿ ಜನಪ್ರಿಯವಾಯಿತು. ಆಗಿನ ರೂಢಿಯಂತೆ ಹೊಸ ಹಾಡೊಂದು ಬಂದರೆ ಹಲವು ತಂಡಗಳು ಅದನ್ನು ಕೂಡಲೇ ಮುದ್ರಿಸುತ್ತಿದ್ದವು. ಜಾಝ್ ಪಿಯಾನೋ ವಾದಕ ಆರ್ಟ್ ಟೇಟಮ್ ಇದನ್ನು ಹಲವು ಸಲ ನುಡಿಸಿದರು. ಎಲಾ ಫಿಟ್ಸ್‌ಜೆರಾಲ್ಡ್ 1961ರಲ್ಲಿ ಬಂದ ತಮ್ಮ ಹೆರಾಲ್ಡ್ ಆರ್ಲೆನ್ ಗೀತಸಂಪುಟದಲ್ಲಿ ಇದನ್ನು ಸೇರಿಸಿಕೊಂಡರು.

ಹಾಡಿನ ದಿಕ್ಕನ್ನೇ ಬದಲಿಸಿದ್ದು ರೇ ಚಾರ್ಲ್ಸ್. 1963ರ ‘ಇಂಗ್ರೀಡಿಯೆಂಟ್ಸ್ ಇನ್ ಎ ರೆಸಿಪಿ ಫಾರ್ ಸೋಲ್’ ಆಲ್ಬಮ್‌ನಲ್ಲಿ ಅವರು ಇದನ್ನು ಬದುಕಿನಲ್ಲಿ ಸಾಕಷ್ಟು ಕಂಡುಂಡ ವ್ಯಕ್ತಿಯ ಹಾಡಾಗಿ ಹಾಡಿದರು. ಗಾರ್ಲ್ಯಾಂಡ್ ದನಿಯಲ್ಲಿದ್ದದ್ದು ಎಳೆಯ ಹುಡುಗಿಯ ಕನಸು. ಚಾರ್ಲ್ಸ್ ದನಿಯಲ್ಲಿ ಕೇಳುವುದು ಆ ಕನಸು ಕೈಗೂಡದೆ ಉಳಿದ ನೋವು.

ಹೊನೊಲುಲುವಿನ ಯುಕುಲೇಲಿ

ಹವಾಯಿಯ ಗಾಯಕ ಇಸ್ರೇಲ್ ಕಾಮಾಕಾವಿವೊಓಲೆ ಅವರನ್ನು ಜನ ಪ್ರೀತಿಯಿಂದ ‘ಇಜ್’ ಎನ್ನುತ್ತಿದ್ದರು. 1988ರಲ್ಲಿ ಒಂದು ರಾತ್ರಿ ಸುಮಾರು 3 ಗಂಟೆಗೆ ಹೊನೊಲುಲುವಿನ ಸ್ಟುಡಿಯೋದ ತಂತ್ರಜ್ಞ ಮಿಲಾನ್ ಬರ್ಟೋಸಾ ಅವರಿಗೆ ಫೋನ್ ಬಂತು, ಇಜ್ ಈಗಲೇ ಹಾಡಬೇಕಂತೆ ಎಂದು. ಸ್ಟುಡಿಯೋ ಮುಚ್ಚುವ ಹೊತ್ತಾಗಿದ್ದರೂ ಬರ್ಟೋಸಾ ಒಪ್ಪಿದರು. ಭಾರೀ ಮೈಕಟ್ಟಿನ ಇಜ್ ಕೈಯಲ್ಲೊಂದು ಪುಟ್ಟ ಯುಕುಲೇಲಿ ಹಿಡಿದು ಬಂದು, ಈ ಹಾಡಿಗೆ ‘ವಾಟ್ ಎ ವಂಡರ್‌ಫುಲ್ ವರ್ಲ್ಡ್’ ಹಾಡನ್ನು ಬೆಸೆದು ಒಂದೇ ಟೇಕ್‌ನಲ್ಲಿ ಮುಗಿಸಿದರು. ಸಾಲುಗಳು ಹಿಂದುಮುಂದಾಗಿವೆ, ಧಾಟಿಯೂ ಅಲ್ಲಲ್ಲಿ ಬೇರೆಯಾಗಿದೆ. ಕೇಳುಗರು ಅದನ್ನು ಲೆಕ್ಕಕ್ಕಿಡಲಿಲ್ಲ.

ಆ ಟೇಪು ಹಲವು ವರ್ಷ ಹಾಗೇ ಇತ್ತು. 1993ರಲ್ಲಿ ‘ಫೇಸಿಂಗ್ ಫ್ಯೂಚರ್’ ಆಲ್ಬಮ್ ಮೂಲಕ ಹಾಡು ಹೊರಬಂತು. ಇಜ್ 1997ರಲ್ಲಿ, 38ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪಾರ್ಥಿವ ಶರೀರವನ್ನು ಅಂತಿಮ ದರ್ಶನಕ್ಕೆ ಹವಾಯಿ ರಾಜ್ಯದ ಶಾಸನಭವನದಲ್ಲಿ ಇರಿಸಲಾಗಿತ್ತು. ಹಾಡು ಲೋಕವನ್ನೆಲ್ಲ ತಲುಪಿದ್ದು ಆಮೇಲೆ, ಚಲನಚಿತ್ರ, ಜಾಹೀರಾತು ಮತ್ತು ‘ಇಆರ್’ ಎಂಬ ಟಿವಿ ಧಾರಾವಾಹಿಯ ಮೂಲಕ. ಜರ್ಮನಿಯಲ್ಲಿ 2010ರಲ್ಲಿ ಅದು ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತು.

ಇವಾ ಕ್ಯಾಸಿಡಿ

ವಾಷಿಂಗ್ಟನ್ ಸುತ್ತಮುತ್ತಲ ಕ್ಲಬ್‌ಗಳಲ್ಲಿ ಹಾಡುತ್ತಿದ್ದ ಇವಾ ಕ್ಯಾಸಿಡಿ ಬದುಕಿದ್ದಾಗ ಊರ ಹೊರಗೆ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. 1996ರಲ್ಲಿ ಚರ್ಮದ ಕ್ಯಾನ್ಸರ್‌ನಿಂದ ನಿಧನರಾದಾಗ ಅವರಿಗೆ 33 ವರ್ಷ. ಅವರು ತೀರಿಕೊಂಡ ಬಳಿಕ ಬಿಬಿಸಿ ರೇಡಿಯೋ 2ರಲ್ಲಿ ನಿರೂಪಕ ಟೆರ‍್ರಿ ವೋಗನ್ ಈ ಹಾಡನ್ನು ಪ್ರಸಾರ ಮಾಡಿದರು. ಬ್ಲೂಸ್ ಆಲಿ ಕ್ಲಬ್‌ನಲ್ಲಿ ಕೈಕ್ಯಾಮೆರಾದಿಂದ ತೆಗೆದ ವಿಡಿಯೋ ಬ್ರಿಟನ್ನಿನ ಟಿವಿಯಲ್ಲೂ ಬಂತು. ಅವರ ‘ಸಾಂಗ್‌ಬರ್ಡ್’ ಸಂಕಲನ 2001ರಲ್ಲಿ ಬ್ರಿಟನ್ನಿನ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ನಿಧಾನವಾಗಿ, ಗಿಟಾರ್ ಮೀಟುತ್ತ, ಮೂಲ ಸ್ವರಗಳಿಗೆ ಅಂಟಿಕೊಳ್ಳದೆ ಕ್ಯಾಸಿಡಿ ಹಾಡುತ್ತಾರೆ. ಎಷ್ಟೋ ಸಲ ಕೇಳಿದ ಸಾಲೂ ಅವರ ಕಂಠದಲ್ಲಿ ಹೊಸದೆನಿಸುತ್ತದೆ.

ಮಾತಿಲ್ಲದೆ, ಮತ್ತು ಮ್ಯಾಂಚೆಸ್ಟರ್‌ನಲ್ಲಿ

ಕೀತ್ ಜ್ಯಾರೆಟ್ 1995ರಲ್ಲಿ ಇಟಲಿಯ ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರದಲ್ಲಿ ಕಛೇರಿಯ ಕೊನೆಗೆ ಇದನ್ನು ಪಿಯಾನೋದಲ್ಲಿ ನುಡಿಸಿದರು. ಗಿಟಾರ್ ವಾದಕ ಜೆಫ್ ಬೆಕ್ 2010ರಲ್ಲಿ ವಾದ್ಯವೃಂದದೊಡನೆ ಮುದ್ರಿಸಿದರು. ಸಾಹಿತ್ಯ ತೆಗೆದರೂ ಧಾಟಿ ತನ್ನ ಕಾಲ ಮೇಲೆ ನಿಲ್ಲಬಲ್ಲದು ಎಂಬುದಕ್ಕೆ ಇವೆರಡೂ ಪುರಾವೆ.

2017ರ ಮೇ 22ರಂದು ಮ್ಯಾಂಚೆಸ್ಟರ್‌ನಲ್ಲಿ ಗಾಯಕಿ ಅರಿಯಾನಾ ಗ್ರಾಂಡೆ ಅವರ ಕಾರ್ಯಕ್ರಮ ಮುಗಿದ ಹೊತ್ತಿಗೆ ನಡೆದ ಬಾಂಬ್ ದಾಳಿಯಲ್ಲಿ 22 ಮಂದಿ ಸತ್ತರು. ಜೂನ್ 4ರಂದು ಅದೇ ನಗರದಲ್ಲಿ ನಡೆದ ನೆರವಿನ ಕಾರ್ಯಕ್ರಮವನ್ನು ಗ್ರಾಂಡೆ ಈ ಹಾಡಿನಿಂದ ಮುಗಿಸಿದರು. ನಡುವೆ ಗಂಟಲು ಕಟ್ಟಿತು, ಆದರೂ ಪೂರ್ತಿ ಹಾಡಿದರು.

ಕಾನೂನು ಏನನ್ನುತ್ತದೆ?

ಒಂದೇ ಹಾಡನ್ನು ಇಷ್ಟೊಂದು ಜನ ಮತ್ತೆ ಮುದ್ರಿಸಲು ಕಾನೂನೂ ದಾರಿ ಮಾಡಿಕೊಟ್ಟಿದೆ. ಅಮೆರಿಕದಲ್ಲಿ ಹಕ್ಕುದಾರರ ಒಪ್ಪಿಗೆಯಿಂದ ಒಮ್ಮೆ ಧ್ವನಿಮುದ್ರಣವಾಗಿ ಹೊರಬಂದ ಹಾಡನ್ನು ನಿಗದಿತ ಶುಲ್ಕ ಕಟ್ಟಿ ಯಾರು ಬೇಕಾದರೂ ಮತ್ತೆ ಮುದ್ರಿಸಬಹುದು. 1909ರ ಕಾಯ್ದೆಯಿಂದ ಬಂದ ಈ ವ್ಯವಸ್ಥೆ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವ ‘ಕವರ್’ ಸಂಸ್ಕೃತಿಗೆ ಬೆನ್ನೆಲುಬಾಯಿತು. ಭಾರತದಲ್ಲಿ ಇದಕ್ಕೆ 2012ರ ತಿದ್ದುಪಡಿಯಿಂದ ಸೇರಿದ ಹಕ್ಕುಸ್ವಾಮ್ಯ ಕಾಯ್ದೆಯ 31ಸಿ ಕಲಂ ಅನ್ವಯಿಸುತ್ತದೆ. ಹಾಡು ಮೊದಲು ಮುದ್ರಣವಾದ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು, ಮುಂಗಡವಾಗಿ ತಿಳಿಸಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಹಳೆಯ ಕನ್ನಡ ಚಿತ್ರಗೀತೆಗಳನ್ನು ಹೊಸದಾಗಿ ಹಾಡಿ ಬಿಡುಗಡೆ ಮಾಡುವವರೂ ಗಮನಿಸಬೇಕಾದದ್ದು: ಈ ಕಲಂ ಇರುವುದು ಧ್ವನಿಮುದ್ರಣಕ್ಕೆ. ವಿಡಿಯೋ ಮಾಡುವುದಾದರೆ ಹಕ್ಕುದಾರರ ಅನುಮತಿ ಬೇರೆಯಾಗಿ ಪಡೆಯಬೇಕು.

ಯಾವುದನ್ನು ಮೊದಲು ಕೇಳಬೇಕು?

ಮೊದಲು ಗಾರ್ಲ್ಯಾಂಡ್ ಅವರ ಮೂಲವನ್ನು ಕೇಳಿ, ಬಳಿಕ ರೇ ಚಾರ್ಲ್ಸ್, ಆಮೇಲೆ ಇಜ್. ಜನಪ್ರಿಯತೆಯಲ್ಲಿ ಇಜ್‌ಗೆ ಸಮನಾದ ಕವರ್ ಇನ್ನೊಂದಿಲ್ಲ. ಆದರೆ ಒಂದೇ ಒಂದನ್ನು ಆರಿಸಬೇಕೆಂದರೆ ಇವಾ ಕ್ಯಾಸಿಡಿ ಅವರದ್ದೇ ಸರಿ: ಮೂಲದ ಒಂದು ಪದವನ್ನೂ ಹಗುರ ಮಾಡದೆ ಹಾಡನ್ನು ಪೂರ್ತಿ ತಮ್ಮದಾಗಿಸಿಕೊಂಡವರು ಅವರು.