ಮಣ್ಣಿಗೆ ಹೋಗುವುದು

ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸೀಮೆಯಲ್ಲಿ ಯಾರಾದರೊಬ್ಬರು ತೀರಿಕೊಂಡ ವಾರ್ತೆ ಕಿವಿಗೆ ಬಿದ್ದೊಡನೆ ಕೇಳಿದವನ ಬಾಯಿಂದ ಮೊದಲು ಹೊರಡುವುದು ಮರುಕದ ಉದ್ಗಾರವಾದರೆ, ಅದರ ಬೆನ್ನಿಗೇ ಹೊರಡುವುದು 'ಮಣ್ಣು ಎಷ್ಟೊತ್ತಿಗೈತಿ?' ಎಂಬ ಪ್ರಶ್ನೆ. ಅಂತ್ಯಕ್ರಿಯೆ, ಅಂತ್ಯಸಂಸ್ಕಾರ, ಅಂತಿಮಯಾತ್ರೆ ಮೊದಲಾದ ಶಬ್ದಗಳು ವೃತ್ತಪತ್ರಿಕೆಗಳ ನಿಧನವಾರ್ತೆಗಳಲ್ಲಿಯೂ ಗಣ್ಯರ ಸಂತಾಪಸೂಚಕ ಭಾಷಣಗಳಲ್ಲಿಯೂ ತಮ್ಮ ಆಸನವನ್ನು ಯಥೋಚಿತವಾಗಿ ಅಲಂಕರಿಸಿಕೊಂಡಿವೆಯಾದರೂ, ಮನೆಯ ಪಡಸಾಲೆಯಲ್ಲಿ, ಊರ ಕಟ್ಟೆಯ ಮೇಲೆ, ಫೋನಿನ ಆ ತುದಿ ಈ ತುದಿಗಳಲ್ಲಿ ಅವುಗಳಿಗೆ ಪ್ರವೇಶವಿಲ್ಲ. ಅಲ್ಲಿ ನಡೆಯುವುದು ಎರಡಕ್ಷರದ ಈ ಅಚ್ಚಗನ್ನಡ ಮಾತೊಂದೇ.

ದ್ರವ್ಯವೊಂದರ ಹೆಸರು ಸಂದರ್ಭವೊಂದರ ಹೆಸರಾಗಿ ನೆಲೆನಿಂತಿರುವ ಈ ಪರಿಯನ್ನು ವೈಯಾಕರಣನು ತುಸು ಸಾವಧಾನದಿಂದ ನೋಡಬೇಕು. ಮದುವೆಗೆ ಹೋಗುತ್ತೇವೆ, ಜಾತ್ರೆಗೆ ಹೋಗುತ್ತೇವೆ, ಸಂತೆಗೆ ಹೋಗುತ್ತೇವೆ. ಅದೇ ಚತುರ್ಥೀ ವಿಭಕ್ತಿಯನ್ನು ಹಿಡಿದು ಮಣ್ಣಿಗೂ ಹೋಗುತ್ತೇವೆ. 'ಮಣ್ಣು ಮಾಡುವುದು' ಎಂದರೆ ಮನೆತನದವರು ಹೊತ್ತುಕೊಂಡ ಸಮಗ್ರ ಕಾರ್ಯ. 'ಮಣ್ಣು ಕೊಡುವುದು' ಎಂದರೆ ಬಂದವರಲ್ಲಿ ಪ್ರತಿಯೊಬ್ಬನೂ ತನ್ನ ಕೈಯಿಂದ ಸಲ್ಲಿಸುವ ಪಾಲು. 'ಮಣ್ಣು ನಾಕಕ್ಕ ಇಟ್ಟಾರ' ಎಂದರೆ ಹಿರಿಯರು ಕೂಡಿ ವೇಳೆಯನ್ನು ಗೊತ್ತುಪಡಿಸಿದ್ದಾರೆಂದು ಅರ್ಥ. ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು 'ಮಣ್ಣಿಗೆ ಮುಟ್ಟುವುದು' ಎಂಬ ಪ್ರಯೋಗ. ಮುಟ್ಟು ಎಂಬ ಧಾತುವಿಗೆ ಇತ್ತಕಡೆ ತಲಪು ಎಂಬ ಅರ್ಥವೇ ಪ್ರಧಾನವಾಗಿ, ಬಸ್ಸು ಊರನ್ನು ಮುಟ್ಟುತ್ತದೆ, ಕಾಗದ ಕೈಗೆ ಮುಟ್ಟುತ್ತದೆ. ಆದುದರಿಂದ 'ಮಣ್ಣಿಗೆ ಮುಟ್ಟಿದಿರೇನ್ರಿ?' ಎಂದು ಕೇಳಿದಾಗ ಸಕಾಲಕ್ಕೆ ಬಂದು ಸೇರಿದಿರಾ ಎಂಬ ವ್ಯವಹಾರದ ಅರ್ಥ ಮೇಲಿದ್ದು, ಕೈಯಿಂದ ಮುಟ್ಟಿದಿರಾ ಎಂಬ ಮೂಲಾರ್ಥ ಅದರ ತಳದಲ್ಲಿ ಅಳಿಯದೆ ಉಳಿದಿರುತ್ತದೆ.

ಶವವನ್ನು ಹೂಳುವ ಲಿಂಗಾಯತ ಸಂಪ್ರದಾಯದ ಪ್ರಾಬಲ್ಯವೇ ಈ ಮಾತಿನ ಹುಟ್ಟಿಗೆ ಕಾರಣವಾಗಿರಬೇಕೆಂದು ಊಹಿಸುವುದು ಸಹಜ. ವಿಮಾನವನ್ನು ಕಟ್ಟಿ, ಹೂಗಳಿಂದ ಸಿಂಗರಿಸಿ, ಅದರಲ್ಲಿ ದೇಹವನ್ನು ಕುಳ್ಳಿರಿಸಿಕೊಂಡು, ಹಲಗಿಯ ಸಪ್ಪಳದೊಡನೆಯೂ ಭಜನೆಯೊಡನೆಯೂ ಊರ ಹೊರಗಿನ ರುದ್ರಭೂಮಿಗೋ ಸ್ವಂತದ ಹೊಲಕ್ಕೋ ಕೊಂಡೊಯ್ದು, ಕುಣಿಯಲ್ಲಿ ಪದ್ಮಾಸನಸ್ಥವಾಗಿ ಇರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ, ಪತ್ರಿ, ಉಪ್ಪುಗಳನ್ನು ತುಂಬಿದ ಬಳಿಕ, ಸಲಿಕೆಗಳು ಮೇಲೇಳುವುದಕ್ಕೆ ಮುಂಚೆ, ಮಕ್ಕಳು ಮೊದಲಾಗಿ ಬಂದವರೆಲ್ಲರೂ ಬಾಗಿ ಒಂದೊಂದು ಹಿಡಿ ಹಾಕುತ್ತಾರೆ. ಹೊಲದಲ್ಲಿಯೇ ಹೂಳುವ ಮನೆತನಗಳಲ್ಲಿ ಆ ಹಿಡಿ ಎರೆಯದೋ ಮಸಾರಿಯದೋ ಎಂಬುದು ಕೂಡ ಎಲ್ಲರಿಗೂ ತಿಳಿದಿರುತ್ತದೆ. ಸತ್ತವನು ಬದುಕಿದ್ದಾಗ ಉತ್ತು ಬಿತ್ತಿದ ನೆಲವೇ ಅದು.

ಆದರೆ ಶಬ್ದವು ತನ್ನ ಹುಟ್ಟಿದ ಮನೆಯಲ್ಲಿಯೇ ಉಳಿದುಕೊಂಡಿಲ್ಲ. ಚಿತೆಗೆ ಬೆಂಕಿಯಿಕ್ಕುವ ಕುಲದವರ ಮನೆಗೆ ಹೊರಟವನೂ ಹೇಳುವುದು 'ಮಣ್ಣಿಗೆ ಹೊಂಟೇನಿ' ಎಂದೇ. ಅಲ್ಲಿ ಮಣ್ಣೆಂಬುದು ಬೂದಿಯಾಯಿತಲ್ಲ ಎಂದು ತರ್ಕಿಸುವಷ್ಟು ಪಾಂಡಿತ್ಯವಾಗಲಿ ವ್ಯವಧಾನವಾಗಲಿ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ನಿಪ್ಪಾಣಿಯನ್ನು ದಾಟಿ ಕೊಲ್ಲಾಪುರದ ದಾರಿ ಹಿಡಿದರೆ, ಬಹುಮಟ್ಟಿಗೆ ದಹನವನ್ನೇ ಆಚರಿಸುವ ಮರಾಠಾ ರೈತನು 'ಮಾತೀಲಾ' ಹೋಗಿಬಂದೆನೆನ್ನುತ್ತಾನೆ. ಮಾತಿಯೆಂದರೆ ಅವನ ಭಾಷೆಯಲ್ಲಿ ಮಣ್ಣು. ಇನ್ನು ಹುಕ್ಕೇರಿಯ ಮುಸಲ್ಮಾನರಲ್ಲಿ 'ಮಿಟ್ಟಿ ದೇನಾ' ಎಂಬ ಮಾತೂ ಮೂರು ಹಿಡಿಯ ಪದ್ಧತಿಯೂ ಉಂಟಷ್ಟೆ. ಆ ಊರಿನ ಹೆಸರನ್ನು ಹೂವಿನ ಕೇರಿಯೆಂದು ಬಿಡಿಸುವವರಿದ್ದಾರೆ. ಹೂವು ಈಗ ಎಷ್ಟು ಉಳಿದಿದೆಯೋ, ಆದಿಲಶಾಹಿಯ ಕಾಲದ ಗುಮ್ಮಟಗಳಂತೂ ನಿಂತಿವೆ. ಗುಮ್ಮಟದ ಕಲ್ಲು ಏರುವುದಕ್ಕೆ ಮೊದಲು ಅದರ ಕೆಳಗೆ ಮಲಗಿದವರಿಗೂ ಸಂದದ್ದು ಹಿಡಿಮಣ್ಣೇ. ಯಾರು ಯಾರಿಂದ ಕಲಿತರೆಂಬ ವಿವಾದಕ್ಕೆ ನಾನು ಇಳಿಯಲಾರೆ; ಮೂರು ನುಡಿಗಳ ಜನ ಒಂದೇ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವ ಸೀಮೆಯಲ್ಲಿ ಇಂಥ ಲೆಕ್ಕಕ್ಕೆ ಕೊನೆಯಿಲ್ಲ.

1956ರ ನವೆಂಬರ್ 1ರ ವರೆಗೆ ಮುಂಬಯಿಗೆ ಸೇರಿದ್ದ ಈ ಭಾಗದ ಕಚೇರಿಗಳು ಮಾತ್ರ ಬೇರೊಂದು ಶಬ್ದವನ್ನು ಸಾಕಿಕೊಂಡವು. ತಲಾಠಿಯ ದಫ್ತರದಲ್ಲಿ ಮನುಷ್ಯನು ಸಾಯುವುದಿಲ್ಲ, 'ಮಯತ'ನಾಗುತ್ತಾನೆ. ಆಮೇಲೆ ಅವನ ಉತಾರಕ್ಕೆ ವಾರಸುದಾರರ ಹೆಸರು ಹತ್ತುತ್ತದೆ. ಮಣ್ಣಿಗೆ ಬಂದಾಗ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತ ಅಣ್ಣತಮ್ಮಂದಿರು ವರ್ಷ ತಿರುಗುವಷ್ಟರಲ್ಲಿ ಅದೇ ಮಣ್ಣಿಗಾಗಿ ಕೋರ್ಟಿನ ಕಟ್ಟೆ ಹತ್ತುವುದೂ ಉಂಟು. ಹೊನ್ನು ಹೆಣ್ಣುಗಳ ಸಾಲಿನಲ್ಲಿ ನಿಲ್ಲಿಸಿ ಆಸೆಯ ವಸ್ತುವೆಂದು ಎಣಿಸಿದುದನ್ನೇ, ಸಿಟ್ಟು ಬಂದಾಗ 'ನಿನ್ನ ಬಾಯಾಗ ಮಣ್ಣ ಬೀಳಲಿ' ಎಂದು ಶಾಪಕ್ಕೆ ಬಳಸುವುದು, ಕಾರಹುಣ್ಣಿಮೆ ಕಳೆದು ಅಮಾವಾಸ್ಯೆ ಬಂತೆಂದರೆ ಅದರಿಂದಲೇ ಎತ್ತುಗಳನ್ನು ಮಾಡಿ ಜಗಲಿಯ ಮೇಲಿಟ್ಟು ಪೂಜಿಸುವುದು: ಈ ಶಬ್ದದ ಮರ್ಯಾದೆಯೂ ಅವಮರ್ಯಾದೆಯೂ ಹೀಗೆ ಒಂದೇ ಓಣಿಯಲ್ಲಿ ವಾಸವಾಗಿವೆ.

ಹುಕ್ಕೇರಿಯ ನಮ್ಮ ದೊಡ್ಡವ್ವ ತೀರಿಕೊಂಡಾಗ ನಾವು ಬೆಂಗಳೂರಿನಲ್ಲಿದ್ದೆವು. ಸಂಜೆ ಫೋನು ಬಂತು: 'ದೊಡ್ಡವ್ವ ಹೋದಳಪಾ. ಮಣ್ಣು ನಾಳೆ ಮಧ್ಯಾಹ್ನಕ್ಕ ಇಟ್ಟೇವಿ, ರಾತ್ರಿನ ಬಿಡ್ರಿ.' ಮನೆಮಂದಿಯೆಲ್ಲ ಒಂದು ಬಾಡಿಗೆಯ ವಾಹನದಲ್ಲಿ ಹೊರಟಾಗ, ದಾರಿಯುದ್ದಕ್ಕೂ ನಮ್ಮ ಬಾಯಲ್ಲಿ ಮಣ್ಣಿನ ಮಾತನ್ನೇ ಕೇಳುತ್ತಿದ್ದ ಚಾಲಕನು, ತುಮಕೂರು ಕಡೆಯವನು, ಶಿರಾ ದಾಟಿದ ಮೇಲೆ ಸಂಕೋಚದಿಂದ 'ಮಣ್ಣು ಅಂದ್ರೆ ಸಾವಿಗಾ ಸಾರ್ ಹೋಗ್ತಿರೋದು? ನಮ್ ಕಡೆ ಸಾವಿಗೆ ಹೋಗೋದು ಅಂತೀವಿ' ಎಂದನು. ಅವನ ಸೀಮೆಯಲ್ಲಿಯೂ ಹೆಣವನ್ನು ಮಣ್ಣು ಮಾಡುವುದುಂಟು. ಆದರೆ ಹೊರಡುವುದು ಸಾವಿಗೆ, ಮಣ್ಣಿಗಲ್ಲ. ಚಿತ್ರದುರ್ಗ, ದಾವಣಗೆರೆಗಳು ಕತ್ತಲಲ್ಲಿ ಹಿಂದೆ ಸರಿಯುತ್ತಿರಲು ಈ ಭೇದವನ್ನೇ ನಾನು ಮನಸ್ಸಿನಲ್ಲಿ ತಿರುವುತ್ತಿದ್ದೆನು. ಸಾವೆಂಬುದು ಸತ್ತವರೊಬ್ಬರದೇ ಸ್ವತ್ತು. ಅದು ಆಗಲೇ ಮುಗಿದುಹೋಗಿದೆ, ಅದರಲ್ಲಿ ನಮಗೆ ಪಾಲಿಲ್ಲ, ಎಷ್ಟೇ ವೇಗವಾಗಿ ಧಾವಿಸಿದರೂ ನಾವು ಅದಕ್ಕೆ ತಡವಾಗಿಯೇ ಹೋಗುವವರು. ಮಣ್ಣಾದರೋ ಇನ್ನೂ ಆಗಬೇಕಾಗಿರುವುದು, ಬದುಕಿರುವವರು ಆಗಮಾಡಬೇಕಾದುದು, ಆದುದರಿಂದಲೇ ವೇಳೆಗೆ ಒಳಗಾದುದು. ನಮ್ಮನ್ನು ಐನೂರು ಕಿಲೋಮೀಟರುಗಳಾಚೆಗೆ ಕರೆದೊಯ್ಯುತ್ತಿದ್ದುದು ಈ ಎರಡನೆಯದೇ.

ಆ ರಾತ್ರಿಯೆಲ್ಲ ಫೋನು ನಿಲ್ಲಲಿಲ್ಲ. ಹುಬ್ಬಳ್ಳಿಯಲ್ಲಿ ಚಹಕ್ಕೆ ಇಳಿದಾಗ ಮಾವ ಕೇಳಿದರು, 'ಎಲ್ಲಿ ಬಂದ್ರಿ?' ಬೆಳಗಾವಿಯ ಬಳಿ ಕಾಕಾ ಕೇಳಿದರು. ಪುಣೆಯಿಂದ ಎದುರುದಿಕ್ಕಿನಲ್ಲಿ ಅದೇ ಹೆದ್ದಾರಿಯನ್ನು ಹಿಡಿದು ಬರುತ್ತಿದ್ದ ದೊಡ್ಡವ್ವನ ಮಗಳು ನಿಪ್ಪಾಣಿಯ ಆಚೆ ಇದ್ದಾಳೆಂದು ತಿಳಿಯಿತು. 'ಮಗಳು ಮಾರಿ ನೋಡೂತನಕ ಎತ್ತೂದಿಲ್ಲ' ಎಂದು ಹಿರಿಯರು ತೀರ್ಮಾನಿಸಿದ್ದರು. ವಂಟಮುರಿಯ ಘಟ್ಟವನ್ನು ಹತ್ತಿಳಿದು, ಯಮಕನಮರಡಿಯನ್ನು ಹಿಂದಿಕ್ಕಿ, ಹೆದ್ದಾರಿಯಿಂದ ಹೊರಳಿದ ಮೇಲೆ ಮಾತಿಗೆ ಹಿಡಕಲ್ ಜಲಾಶಯದ ಪ್ರಸ್ತಾಪ ಬಂದಿತು. ಘಟಪ್ರಭೆಗೆ ಕಟ್ಟಿದ, ರಾಜಾ ಲಖಮಗೌಡರ ಹೆಸರನ್ನು ಹೊತ್ತ ಆ ಅಣೆಕಟ್ಟಿನ ಹಿನ್ನೀರಿಗೆ ಹಳ್ಳಿಗಳು ಸಂದಾಗ ಹೊಲಗಳು ಮುಳುಗಿದವು, ಹೊಲಗಳ ಬದುವಿನಲ್ಲಿದ್ದ ಹಿರಿಯರೂ ಮುಳುಗಿದರು. ಬೇಸಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮತ್ತೆ ಕಾಣಿಸಿಕೊಳ್ಳುವುದನ್ನು ನೋಡಲು ಜನ ಸೇರುತ್ತಾರೆ. ಕಲ್ಲಿನ ಗುಡಿ ತಾಳಿಕೊಂಡಿತು. ಪರಿಹಾರದ ಪಟ್ಟಿಯಲ್ಲಿ ಕೊಟ್ಟ ಮಣ್ಣಿಗೆ ಯಾವ ಅಂಕಣವಿದ್ದೀತು?

ಮಗಳು ಮುಟ್ಟಿದಳು, ನಾವೂ ಮುಟ್ಟಿದೆವು, ಮುಟ್ಟದವರೂ ಇದ್ದರು. ದುಬೈಯಲ್ಲಿದ್ದ ಮೊಮ್ಮಗನಿಗೆ ವಿಮಾನ ಸಿಕ್ಕಿರಲಿಲ್ಲವಾಗಿ, ಅವನು ಫೋನಿನ ಪರದೆಯಲ್ಲಿ ಅಜ್ಜಿಯ ಮಾರಿಯನ್ನು ನೋಡಿದನು, ಜಂಗಮರ ಮಂತ್ರವನ್ನು ಕೇಳಿದನು. ಕಡೆಗೆ, 'ನನ್ನ ಪಾಲಿಂದೂ ಒಂದ ಹಿಡಿ ನೀನ ಹಾಕಪಾ' ಎಂದು ತಮ್ಮನಿಗೆ ಹೇಳಿದನು. ತಮ್ಮನು ತನ್ನದನ್ನು ಹಾಕಿ ಎರಡನೆಯ ಬಾರಿ ಬಾಗಿದಾಗ, ಜೀವಮಾನವನ್ನೆಲ್ಲ ತಹಶೀಲ ಕಚೇರಿಯ ಮುಂದೆ ಅರ್ಜಿ ಬರೆದು ಕಳೆದ ವೃದ್ಧರೊಬ್ಬರು, 'ಮಣ್ಣಿಗೆ ಮುಖತ್ಯಾರಪತ್ರ ನಡೆಯೂದಿಲ್ಲ ತಮ್ಮಾ' ಎಂದರು. ಹುಡುಗ ಒಮ್ಮೆ ಅವರ ಮುಖ ನೋಡಿ ಹಿಡಿಯನ್ನು ಹಾಕಿಯೇ ಬಿಟ್ಟನು. ಅದು ಸಂದಿತೋ ಇಲ್ಲವೋ ಎಂಬ ಚರ್ಚೆ ಮನೆಗೆ ಬಂದು ಸ್ನಾನ ಮಾಡುವ ತನಕ ನಡೆಯಿತು. ಕಡೆಗೆ ಹಿರಿಯರು ಮೊಮ್ಮಗನಿಗೆ ಹೇಳಿಕಳಿಸಿದುದು ಇಷ್ಟು: ಸೂಟಿ ಸಿಕ್ಕಾಗ ಬಂದು ಮಾತಾಡಿಸಿಕೊಂಡು ಹೋಗಬೇಕು. ಮಣ್ಣಿಗೆ ತಪ್ಪಿದವರಿಗೆ ಈ ಸೀಮೆಯು ಇಟ್ಟುಕೊಟ್ಟಿರುವ ದಾರಿ ಅದು. 'ಮಾತಾಡಿಸಲು' ಹೋಗುವುದಕ್ಕೆ ಮುಹೂರ್ತವಿಲ್ಲ, ಹೊತ್ತು ಮುಳುಗುವ ಭಯವಿಲ್ಲ, ರವಿವಾರವಾದರೆ ಎಲ್ಲರಿಗೂ ಅನುಕೂಲ.