ತೂಕದ ಚೀಟಿಯ ಹಿಂದಿನ ಒಂಬತ್ತು ಪಿನ್ನು

ಶೇಂಗಾ, ಹತ್ತಿ, ಒಣಮೆಣಸಿನಕಾಯಿ ಹೇರಿಕೊಂಡು ಮಾಗಡಿಯಿಂದ ಗದಗಿಗೋ ಲಕ್ಷ್ಮೇಶ್ವರಕ್ಕೋ ಹೋದ ಟ್ರ್ಯಾಕ್ಟರ್ ಮಾಲು ಇಳಿಸುವ ಮೊದಲು ವೇಬ್ರಿಜ್ ಹತ್ತುತ್ತದೆ. ಕೆಳಗೆ ಕಬ್ಬಿಣದ ಹಾಸು, ಬಾಜೂಕ ಸಣ್ಣ ಕೋಣೆ, ಒಳಗೆ ಕೆಂಪು ಅಂಕಿ ಹೊಳೆಯುವ ಒಂದು ಡಬ್ಬಿ, ಅದರ ಪಕ್ಕ ಕಂಪ್ಯೂಟರ್. ಅಂಕಿ ನಿಂತ ಮೇಲೆ ಹುಡುಗ ಒಂದು ಕೀಲಿ ಒತ್ತುತ್ತಾನೆ, ಪ್ರಿಂಟರ್ ಕರ್ರೆಂದು ಚೀಟಿ ಕೊಡುತ್ತದೆ. ಆ ಚೀಟಿಯ ಮೇಲೆಯೇ ನಿಮ್ಮ ವರ್ಷದ ಲೆಕ್ಕ ನಿಂತಿರುತ್ತದೆ.

ಡಬ್ಬಿಯಲ್ಲಿದ್ದ ಅಂಕಿ ಕಂಪ್ಯೂಟರಿಗೆ ಹೋದದ್ದು ಹೇಗೆ? ಡಬ್ಬಿಯ ಹಿಂದೆ ನೋಡಿದರೆ ಒಂದು ಕೇಬಲ್ಲು, ಅದರ ತುದಿಗೆ ಒಂಬತ್ತು ಪಿನ್ನಿನ ಕನೆಕ್ಟರ್, ಎರಡು ಬದಿಗೆ ಎರಡು ಸ್ಕ್ರೂ. ಇದಕ್ಕೆ ಸೀರಿಯಲ್ ಪೋರ್ಟ್ ಎನ್ನುತ್ತಾರೆ. ಮೊಬೈಲು, ವೈಫೈ ಬಂದು ಇಷ್ಟು ವರ್ಷವಾದರೂ ಕಾಟಾದ ಕೋಣೆಯಿಂದ ಇದು ಹೋಗಿಲ್ಲ. ಒಂದು ಕಾಲಕ್ಕೆ ಇದು ಕಂಪ್ಯೂಟರಿನ ಜೊತೆಗೆ ಬರುತ್ತಲೂ ಇರಲಿಲ್ಲ. ಬೇರೆ ಕಾರ್ಡು ತಂದು, ಡಬ್ಬಿ ಬಿಚ್ಚಿ, ಒಳಗೆ ಕೂಡಿಸಿ ಹೊಂದಿಸಬೇಕಾಗಿತ್ತು. ಆ ಕಾರ್ಡಿನ ಕಥೆ ಬರೆಯಬೇಕೆಂದು ನಮಗೆ ಬಹಳ ದಿನದಿಂದ ಇತ್ತು. ಸುದ್ದಿ ಕಳಿಸುವ ನಮ್ಮ ಕಸುಬಿಗೂ ಅದಕ್ಕೂ ಹಳೆಯ ನಂಟಿದೆ.

ಸೀರಿಯಲ್ ಎಂದರೆ ಸಾಲಾಗಿ, ಒಂದರ ಹಿಂದೆ ಒಂದು. ಬೇಲಿಯ ಸಂದಿನಲ್ಲಿ ಕುರಿ ದಾಟುವ ಹಾಗೆ. ಒಂದು ಅಕ್ಷರವನ್ನು ಏಳೋ ಎಂಟೋ ಬಿಟ್ಟುಗಳಾಗಿ ಒಡೆದು ಒಂದೇ ತಂತಿಯಲ್ಲಿ ಸಾಲಾಗಿ ದಾಟಿಸುವುದು. ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು, ಹುಟ್ಟಿದ್ದು ತಾರು ಕಚೇರಿಯಲ್ಲಿ. 1874ರಲ್ಲಿ ಫ್ರಾನ್ಸಿನ ತಾರು ಇಲಾಖೆಯ ಎಮಿಲ್ ಬೋದೋ ಎಂಬವರು ಅಕ್ಷರಕ್ಕೆ ಐದು ಬಿಟ್ಟಿನ ಸಂಕೇತ ಮಾಡಿ ಪೇಟೆಂಟ್ ಪಡೆದರು. ವೇಗ ಅಳೆಯುವ ‘ಬಾಡ್’ ಎಂಬ ಮಾತು ಅವರ ಹೆಸರಿನಿಂದಲೇ ಬಂದದ್ದು. ಪತ್ರಿಕಾ ಕಚೇರಿಗಳಲ್ಲಿ ಹಗಲು ರಾತ್ರಿ ಟಕಟಕ ಎನ್ನುತ್ತಿದ್ದ ಟೆಲಿಪ್ರಿಂಟರ್ ಇದೇ ವಂಶದ್ದು. ಅಕ್ಷರ ಶುರುವಾಯಿತು ಎನ್ನಲು ಮೊದಲೊಂದು ಬಿಟ್ಟು, ಮುಗಿಯಿತು ಎನ್ನಲು ಕೊನೆಗೊಂದು ಬಿಟ್ಟು, ಅದೇ ಪದ್ಧತಿ ಇವತ್ತಿಗೂ ಕಾಟಾದ ಕೇಬಲ್ಲಿನಲ್ಲಿ ನಡೆದಿದೆ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಅದರ ಪದ್ಧತಿ ಮಾತ್ರ ನಿಲ್ಲಲಿಲ್ಲ.

1960ರಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಕಟ್ಟಳೆ ಬಂತು, ಹೆಸರು ಆರ್‌ಎಸ್-232. ಯಾವ ಪಿನ್ನು ಯಾವ ಕೆಲಸಕ್ಕೆ, ಎಷ್ಟು ವೋಲ್ಟ್ ಎಂದೆಲ್ಲ ಅದರಲ್ಲಿದೆ. 1981ರ ಆಗಸ್ಟಿನಲ್ಲಿ ಐಬಿಎಂ ಕಂಪನಿಯ ಪಿಸಿ ಬಂದಾಗ ಸೀರಿಯಲ್ ಪೋರ್ಟ್ ಅದರ ಮದರ್‌ಬೋರ್ಡಿನಲ್ಲಿ ಇರಲಿಲ್ಲ, ಬೇಕಾದವರು ಬೇರೆ ಕಾರ್ಡು ಕೊಳ್ಳಬೇಕಿತ್ತು. ಅದರ ಮೇಲೆ 8250 ಎಂಬ ಚಿಪ್ಪು, ಹಿಂದೆ 25 ಪಿನ್ನು. 1984ರ ಎಟಿ ಮಾದರಿಯ ಕಾರ್ಡಿನಲ್ಲಿ ಆ 25 ಪಿನ್ನು 9ಕ್ಕೆ ಇಳಿದವು. ನಾವು ಇವತ್ತು ನೋಡುವುದು ಅದನ್ನೇ.

ಕಾರ್ಡು ಹಾಕುವುದು ಹೀಗೆ. ಮೊದಲು ಪ್ಲಗ್ ಕಿತ್ತು, ಡಬ್ಬಿಯ ಸ್ಕ್ರೂ ಬಿಚ್ಚಬೇಕು. ಒಳಗೆ ಕೈ ಹಾಕುವ ಮೊದಲು ಡಬ್ಬಿಯ ಲೋಹ ಮುಟ್ಟಬೇಕು, ಮೈಮೇಲಿನ ಸ್ಥಿರ ವಿದ್ಯುತ್ತು ಚಿಪ್ಪನ್ನು ಸುಡಬಾರದೆಂದು. ಖಾಲಿ ಸ್ಲಾಟಿನ ಹಿಂದಿನ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ನೆಟ್ಟಗೆ ಹಿಡಿದು ಒತ್ತಿ ಕೂಡಿಸಿ, ಸ್ಕ್ರೂ ಬಿಗಿದರೆ ಕೈಕೆಲಸ ಮುಗಿಯಿತು. ಆದರೆ ತಲೆಕೆಲಸ ಅದಕ್ಕೂ ಮುಂಚೆಯೇ ಆಗಬೇಕಿತ್ತು. ಕಾರ್ಡಿನ ಮೇಲೆ ಸಣ್ಣ ಸಣ್ಣ ಜೋಡಿ ಪಿನ್ನುಗಳಿರುತ್ತಿದ್ದವು. ಯಾವ ಜೋಡಿಗೆ ಪ್ಲಾಸ್ಟಿಕ್ಕಿನ ಪುಟ್ಟ ಟೋಪಿ, ಅಂದರೆ ಜಂಪರ್, ಹಾಕುತ್ತೀರಿ ಎನ್ನುವುದರ ಮೇಲೆ ಕಾರ್ಡಿನ ವಿಳಾಸವೂ ಅದರ ಕರೆಗಂಟೆಯೂ ನಿಶ್ಚಯವಾಗುತ್ತಿದ್ದವು.

ವಿಳಾಸವೆಂದರೆ ಮನೆ ನಂಬರ್ ಇದ್ದಂತೆ. ಮೊದಲ ಪೋರ್ಟ್ ಕಾಮ್-1 ಇರುವುದು 3ಎಫ್8ರಲ್ಲಿ, ಕಾಮ್-2 ಇರುವುದು 2ಎಫ್8ರಲ್ಲಿ. ಕರೆಗಂಟೆ ಎಂದರೆ ಐಆರ್‌ಕ್ಯೂ. ತಂತಿಯಲ್ಲಿ ಅಕ್ಷರ ಬಂದಾಗ ಕಾರ್ಡು ಪ್ರೊಸೆಸರನ್ನು ‘ಇಲ್ಲಿ ನೋಡಪ್ಪಾ’ ಎಂದು ಕೂಗುವ ದಾರಿ ಅದು. ಕಾಮ್-1ಕ್ಕೆ 4ನೇ ಗಂಟೆ, ಕಾಮ್-2ಕ್ಕೆ 3ನೇ ಗಂಟೆ. ತೊಡಕು ಶುರುವಾಗುತ್ತಿದ್ದುದು ಮೂರನೇ ಪೋರ್ಟ್ ಹಾಕಿದಾಗ. ಕಾಮ್-3ಕ್ಕೂ ವಾಡಿಕೆಯಂತೆ 4ನೇ ಗಂಟೆಯೇ, ಕಾಮ್-4ಕ್ಕೂ 3ನೇ ಗಂಟೆಯೇ. ಆ ಕಾಲದ ಸ್ಲಾಟುಗಳಲ್ಲಿ ಎರಡು ಕಾರ್ಡು ಒಂದೇ ಗಂಟೆಯನ್ನು ನೆಮ್ಮದಿಯಾಗಿ ಹಂಚಿಕೊಳ್ಳುವಂತಿರಲಿಲ್ಲ. ಕಾಮ್-1ರಲ್ಲಿ ಮೌಸು, ಕಾಮ್-3ರಲ್ಲಿ ಮೋಡೆಮ್ ಇದ್ದರೆ, ಫೋನ್ ಸಂಪರ್ಕ ಸಿಕ್ಕ ಹೊತ್ತಿಗೆ ಸರಿಯಾಗಿ ಮೌಸು ಅಲುಗಾಡಿಸಿದರೆ ಮುಗಿಯಿತು, ಎರಡರಲ್ಲೊಂದು ನಿಲ್ಲುತ್ತಿತ್ತು. ಎರಡು ಮನೆಗೆ ಒಂದೇ ಗಂಟೆ ಕಟ್ಟಿದರೆ ಯಾರು ಬಾಗಿಲು ತೆಗೆಯಬೇಕು? ಮತ್ತೆ ಡಬ್ಬಿ ಬಿಚ್ಚು, ಜಂಪರ್ ಬದಲಿಸು, ಮುಚ್ಚು, ಚಾಲೂ ಮಾಡಿ ನೋಡು. ಇದರಲ್ಲೇ ಅರ್ಧ ದಿನ ಹೋಗುತ್ತಿತ್ತು.

ವೇಗದ ತಾಪತ್ರಯವೂ ಇತ್ತು. ಹಳೆಯ 8250 ಚಿಪ್ಪು ಬಂದ ಅಕ್ಷರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಲ್ಲದು. ಪ್ರೊಸೆಸರ್ ಬಂದು ಎತ್ತಿಕೊಳ್ಳುವುದು ತಡವಾದರೆ ಮುಂದಿನ ಅಕ್ಷರ ಅದರ ಮೇಲೇ ಬಿದ್ದು ಹಿಂದಿನದು ಅಳಿಸಿಹೋಗುತ್ತದೆ. ಮುಂದೆ ಬಂದ 16550ಎ ಚಿಪ್ಪಿನಲ್ಲಿ 16 ಅಕ್ಷರ ಕಾಯುವಷ್ಟು ಜಾಗವಾಯಿತು. ಹೇಳಿದರೆ ಸಣ್ಣ ಮಾತು, ಆದರೆ ವಿಂಡೋಸಿನಲ್ಲಿ ವೇಗದ ಮೋಡೆಮ್ ಬಳಸಲು ಸಾಧ್ಯವಾದದ್ದು ಬಹುಮಟ್ಟಿಗೆ ಇದರಿಂದಲೇ.

ಕಾರ್ಡು, ಮೋಡೆಮ್ ಎರಡೂ ಇದ್ದು ಫೋನ್ ಇಲ್ಲದಿದ್ದರೆ ಏನು ಬಂತು? ಹಳ್ಳಿಗೆ ಫೋನ್ ಮುಟ್ಟಿಸುವ ಕೆಲಸಕ್ಕೆ ನಮ್ಮ ಭಾಗವೇ ಮೊದಲ ಹೊಲವಾಯಿತು ಎನ್ನುವುದನ್ನು ಇಲ್ಲಿ ನೆನೆಯಬೇಕು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಸಣ್ಣ ಎಕ್ಸ್‌ಚೇಂಜ್ ರೂಪಿಸಿತು. ಧೂಳು, ಬಿಸಿಲು ತಡೆಯುವಂಥದ್ದು, ಎಸಿ ಕೋಣೆ ಬೇಡದ್ದು. ಅದರ ಮೊದಲನೆಯದು 1986ರಲ್ಲಿ ಚಾಲೂ ಆದದ್ದು ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಇಂಟರ್ನೆಟ್ಟು ಜನರಿಗೆ ಸಿಕ್ಕದ್ದು 1995ರ ಆಗಸ್ಟ್ 15ರಂದು, ಅದೂ ಮೊದಲಿಗೆ ಮಹಾನಗರಗಳಲ್ಲಿ. ಊರ ಕಡೆಯವರು ಅದನ್ನು ಮುಟ್ಟಬೇಕೆಂದರೆ ಎಸ್‌ಟಿಡಿ ಕರೆಯ ಖರ್ಚು ಹೊರಬೇಕಿತ್ತು.

ಕನ್ನಡಕ್ಕೂ ಈ ಕಾರ್ಡಿಗೂ ಒಂದು ಜಟಾಪಟಿ ಇತ್ತು. ಡಾಸ್ ಕಾಲದ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಸಿ-ಡ್ಯಾಕ್ ಸಂಸ್ಥೆ ಅದಕ್ಕಾಗಿ ಜಿಸ್ಟ್ ಕಾರ್ಡು ತಂದಿತು, ಅದನ್ನೂ ಸ್ಲಾಟಿನಲ್ಲೇ ಕೂಡಿಸಬೇಕಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಮಾಲೆ ಇಸ್ಕಿ, ಅದು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಇಂಗ್ಲಿಷ್ ಅಕ್ಷರಗಳ ಸಂಖ್ಯೆ 127ರೊಳಗೆ ಮುಗಿಯುವುದರಿಂದ ಏಳು ಬಿಟ್ಟು ಸಾಕು. ಇಸ್ಕಿಯಲ್ಲಿ ನಮ್ಮ ಅಕ್ಷರಗಳು ಇರುವುದು ಅದರ ಮೇಲೆ. ‘ಕ’ ಎಂದರೆ 179, ‘ಗ’ ಎಂದರೆ 181. ಅದಕ್ಕೆ ಎಂಟನೆಯ ಬಿಟ್ಟು ಬೇಕೇ ಬೇಕು. ಸೀರಿಯಲ್ ಪೋರ್ಟನ್ನು ಏಳು ಬಿಟ್ಟಿಗೆ ಹೊಂದಿಸಿದ್ದರೆ ಇಂಗ್ಲಿಷ್ ಪತ್ರ ಸರಾಗವಾಗಿ ಹೋಗುತ್ತದೆ, ಕನ್ನಡದ ಪತ್ರದಲ್ಲಿ ಪ್ರತಿ ಅಕ್ಷರದಿಂದ 128 ಕಳೆದುಹೋಗುತ್ತದೆ. ‘ಮಾಗಡಿ’ ಎಂದು ಕಳಿಸಿದರೆ ಆಚೆ ತುದಿಯಲ್ಲಿ ಬರುವುದು ಇಂಗ್ಲಿಷಿನ ಎಲ್, ಝಡ್, ಆಮೇಲೆ 5, ಒಂದು ಪ್ರಶ್ನಾರ್ಥಕ ಚಿಹ್ನೆ, ಒಂದು ಚೌಕ ಆವರಣ. ಯಂತ್ರ ಕೆಟ್ಟಿಲ್ಲ, ತಂತಿ ಹರಿದಿಲ್ಲ, ಕನ್ನಡ ಮಾತ್ರ ದಾಟಲಿಲ್ಲ! ಇಂಗ್ಲಿಷಿನವರು ತಮಗೆ ಸಾಕಾದಷ್ಟೇ ಅಗಲದ ಬಾಗಿಲು ಮಾಡಿದ್ದರು ಎಂದು ನಮಗೆ ಅನ್ನಿಸುತ್ತದೆ. ಡಾಸ್‌ನಲ್ಲಿ ‘ಮೋಡ್’ ಆಜ್ಞೆಯಿಂದ ಎಂಟು ಬಿಟ್ಟು, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ಟು ಎಂದು ಹೊಂದಿಸಿದರೆ ಬಾಗಿಲು ಅಗಲವಾಗುತ್ತಿತ್ತು. ಆದರೆ ಎರಡೂ ತುದಿಯಲ್ಲಿ ಹಾಗೆಯೇ ಇರಬೇಕು.

ಈಗ ಕಾಟಾದ ಕೋಣೆಗೆ ಮರಳೋಣ. ಅಲ್ಲಿ ದಾಟುವುದು ಅಕ್ಷರವಲ್ಲ, ಅಂಕಿ. ಅಂಕಿಗೆ ಏಳು ಬಿಟ್ಟು ಸಾಕು, ಉಳಿದ ಒಂದು ಜಾಗವನ್ನು ಕಾವಲಿಗೆ ಕೂಡಿಸಬಹುದು. ಅದೇ ಪ್ಯಾರಿಟಿ. ಏಳು ಬಿಟ್ಟುಗಳಲ್ಲಿ ಎಷ್ಟು ‘ಒಂದು’ ಇವೆ ಎಂದು ಎಣಿಸಿ, ಕಾವಲಿನ ಬಿಟ್ಟೂ ಸೇರಿ ಒಟ್ಟು ಸಮಸಂಖ್ಯೆ ಬರುವಂತೆ ಮಾಡುವುದು. ದಾರಿಯಲ್ಲಿ ಒಂದು ಬಿಟ್ಟು ಮಗುಚಿದರೆ ಲೆಕ್ಕ ತಪ್ಪಿ ಗೊತ್ತಾಗುತ್ತದೆ. ಇದು ಬರೀ ಶಾಸ್ತ್ರವಲ್ಲ. 1ರ ಸಂಕೇತಕ್ಕೂ 9ರ ಸಂಕೇತಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್ಟು. 0ಗೂ 8ಕ್ಕೂ ಹಾಗೆಯೇ. ಪಕ್ಕದಲ್ಲಿ ಮೋಟಾರು ಓಡುತ್ತಿದೆ, ಕೇಬಲ್ಲಿನ ಕವಚ ಸವೆದಿದೆ, ಒಂದು ಬಿಟ್ಟು ಮಗುಚಿತು ಎನ್ನಿ. ಕಾವಲು ಇಲ್ಲದಿದ್ದರೆ 4,100 ಕಿಲೋ ಕಂಪ್ಯೂಟರಿನಲ್ಲಿ 4,900 ಆಗಬಹುದು, ಅಥವಾ ಅದೇ ತಿರುಗುಮುರುಗಾಗಬಹುದು. ಒಳ್ಳೆಯ ಸಾಫ್ಟ್‌ವೇರ್ ಒಂದೇ ತೂಕ ಹಲವು ಸಲ ಸರಿಯಾಗಿ ಬಂದರೆ ಮಾತ್ರ ಒಪ್ಪುತ್ತದೆ. ಎಲ್ಲ ಕಡೆ ಒಳ್ಳೆಯದೇ ಇರುತ್ತದೆ ಎನ್ನಲಾಗದು. ವೇಗವೇ ಹೊಂದದಿದ್ದರೆ, ಅಂದರೆ ಡಬ್ಬಿ 2,400 ಬಾಡ್‌ನಲ್ಲಿ ಕಳಿಸಿ ಕಂಪ್ಯೂಟರ್ 9,600ರಲ್ಲಿ ಕೇಳುತ್ತಿದ್ದರೆ, ಪರದೆಯ ಮೇಲೆ ಬರೀ ಕಸ ಬರುತ್ತದೆ. ಅದೊಂದು ಲೆಕ್ಕಕ್ಕೆ ಒಳ್ಳೆಯದೇ, ತಪ್ಪು ಕಣ್ಣಿಗೆ ಬೀಳುತ್ತದೆ.

ಕಸ ಬಂದ ದಿನ ಹುಡುಗ ಡಬ್ಬಿ ನೋಡಿ ತೂಕವನ್ನು ಕೈಯಿಂದಲೇ ಟೈಪ್ ಮಾಡುತ್ತಾನೆ. ರೈತ ಗಮನ ಕೊಡಬೇಕಾದ ಹೊತ್ತು ಅದೇ. ತೂಕ ಮತ್ತು ಅಳತೆ ಇಲಾಖೆ ಪರಿಶೀಲಿಸಿ ಮುದ್ರೆ ಹಾಕಿದ ಕಾಟಾ ಸರಿಯಾಗಿಯೇ ತೂಗಿರಬಹುದು, ಆದರೆ ನಿಮ್ಮ ಕೈಗೆ ಬರುವ ಚೀಟಿಯ ಅಂಕಿ ಕೇಬಲ್ಲನ್ನೋ ಬೆರಳನ್ನೋ ದಾಟಿಯೇ ಬಂದಿರುತ್ತದೆ. ಟ್ರ್ಯಾಕ್ಟರ್ ಹಾಸಿನ ಮೇಲೆ ಇರುವಾಗಲೇ ಕೆಂಪು ಅಂಕಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ, ತುಂಬಿದ್ದಾಗ ಒಂದು, ಖಾಲಿಯಾದ ಮೇಲೆ ಒಂದು. ಚೀಟಿಗೆ ಹೊಂದಿಸಿ ನೋಡಿ. ಹೊಂದದಿದ್ದರೆ ಗಾಡಿ ಇಳಿಸುವ ಮೊದಲೇ ಕೇಳಿ.

ಹೊಸ ಕಂಪ್ಯೂಟರುಗಳಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಕಾಣುವುದು ಅಪರೂಪ. ಒಂದೋ ಹೊಸ ಬಗೆಯ ಸೀರಿಯಲ್ ಕಾರ್ಡು ಹಾಕಿಸುತ್ತಾರೆ, ಇಲ್ಲವೇ ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಸಣ್ಣ ತಂತಿ ತರುತ್ತಾರೆ. ಜಂಪರಿನ ಕಾಟ ಇಲ್ಲ, ಗಂಟೆಯ ಜಗಳ ಇಲ್ಲ. ಹೊಸ ಕಿರಿಕಿರಿ ಒಂದಿದೆ. ಎಷ್ಟೋ ತಂತಿಗಳಲ್ಲಿ ಯುಎಸ್‌ಬಿಯ ತೂತು ಬದಲಿಸಿದರೆ ಕಾಮ್ ನಂಬರೂ ಬದಲಾಗುತ್ತದೆ, ನಿನ್ನೆ ಕಾಮ್-3 ಇದ್ದದ್ದು ಇವತ್ತು ಕಾಮ್-5. ತೂಕದ ಸಾಫ್ಟ್‌ವೇರ್ ಹಳೆಯ ನಂಬರಿನಲ್ಲೇ ಕಾಯುತ್ತ ಕೂತಿರುತ್ತದೆ. ನಿಮ್ಮೂರಿನ ಹುಡುಗರು ಯಾರಾದರೂ ಆ ಕೋಣೆಯಲ್ಲಿ ಕೆಲಸಕ್ಕಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ನಂಬರ್ ನೋಡಿ ಸಾಫ್ಟ್‌ವೇರಿನಲ್ಲಿ ಅದನ್ನೇ ಕೊಡಲಿ. ಆಮೇಲೆ ಆ ತೂತಿನ ಪಕ್ಕ ಮಾರ್ಕರ್ ಪೆನ್ನಿನಿಂದ ಒಂದು ಗುರುತು ಹಾಕಿಬಿಡಲಿ.